ಕೊಕ್ಕೆಯಾದ ಚಿಗುರು

ಏಪ್ರಿಲ್ ೪, ೨೦೧೨
ಸಸ್ಯ ತಪಾಸಣಾ ಕಚೇರಿ, ಜಿಲ್ಲಾ ಪಟ್ಟಣ

ಕಲಿಪಾ ಜುಮಾಲಿಯೇವಾ ಅವರಿಗೆ,
ಅಧ್ಯಕ್ಷೆ, ತೋಟಗಾರರ ಸಂಘ, ಅಲ್ಮಾಲೂ-ಬೆಲ್

ಮಾನ್ಯರೇ,

ನಾಶಪಾತಿ ಮತ್ತು ಸೇಬಿನ ಗಿಡಗಳಿಗೆ ತಗಲುವ ಬೆಂಕಿರೋಗ ನಿಮ್ಮ ಪಕ್ಕದ ಎರಡು ಕಣಿವೆಗಳಲ್ಲಿ ಕಾಣಿಸಿಕೊಂಡಿದೆ. ಇದು ನಮ್ಮ ನೆಲದ ರೋಗವಲ್ಲ, ಹೊರಗಿನಿಂದ ಸಸಿಗಳ ಜೊತೆ ಬಂದದ್ದು. ಇದಕ್ಕೆ ಔಷಧಿ ಇಲ್ಲ. ಹೂ ಕಪ್ಪಾಗುತ್ತದೆ. ಎಳೆ ಚಿಗುರು ಕುರುಬನ ಕೋಲಿನ ತುದಿಯಂತೆ ಕೊಕ್ಕೆಯಾಗಿ ಬಾಗುತ್ತದೆ. ಎಲೆ ಸುಟ್ಟಂತೆ ಕಂಡರೂ ಉದುರುವುದಿಲ್ಲ. ತೊಗಟೆಯಿಂದ ಜೇನಿನ ಬಣ್ಣದ ಹನಿ ಒಸರುತ್ತದೆ.

ನಿಮ್ಮ ಊರಿನ ತೋಟಗಳ ಮೇಲೆಯೇ ಕಾಡುಸೇಬಿನ ಅರಣ್ಯ ಇರುವುದರಿಂದ ಹೂ ಬಿಡುವ ಮೊದಲೇ ಈ ಕೆಲಸಗಳಾಗಬೇಕು. ಪ್ರತಿ ಕೇರಿಗೆ ಇಬ್ಬರು ಕಾವಲಿನವರು ಬೇಕು. ಕೊಂಬೆ ಕತ್ತರಿಸುವ ಕತ್ತರಿಯನ್ನು ಪ್ರತಿ ಸಲವೂ ಸ್ಪಿರಿಟಿನಲ್ಲಿ ಅದ್ದಬೇಕು. ಜೇನುಪೆಟ್ಟಿಗೆಗಳನ್ನು ಈ ವಸಂತದಲ್ಲಿ ಅರಣ್ಯಕ್ಕೆ ಒಯ್ಯಬಾರದು. ಕಳೆದ ಎರಡು ವರ್ಷಗಳಲ್ಲಿ ಹೊರಗಿನಿಂದ ಸಸಿ ತರಿಸಿದ್ದರೆ ಯಾರು, ಎಷ್ಟು, ಎಲ್ಲಿ ನೆಟ್ಟಿದ್ದಾರೆ ಎಂಬ ಪಟ್ಟಿ ಹದಿನೈದು ದಿನಗಳಲ್ಲಿ ನನ್ನ ಕೈಸೇರಬೇಕು.

ಅನಾರ್‌ಕುಲ್ ತೋರೋಯೇವಾ
ತಪಾಸಣಾಧಿಕಾರಿ


ಅಲ್ಮಾಲೂ-ಬೆಲ್
ಏಪ್ರಿಲ್ ೧೧

ಇನ್‌ಸ್ಪೆಕ್ಟರ್ ಮೇಡಂ ಅವರಿಗೆ,

ಮಿನಿಬಸ್ಸಿನ ಮುಕ್ತಾರ್ ನಿನ್ನ ಕಾಗದ ತಂದುಕೊಟ್ಟ. ಮೊಹರು ಚೆನ್ನಾಗಿದೆ. ಏಳು ವರ್ಷ ನನ್ನ ಮನೆಯಲ್ಲಿ ಸೊಸೆಯಾಗಿದ್ದು, ನನ್ನನ್ನು ‘ಅಪಾ’ ಎಂದು, ಹೆತ್ತಮ್ಮನನ್ನು ಕರೆದ ಹಾಗೆ ಕರೆದವಳು ಈಗ ‘ಮಾನ್ಯರೇ’ ಎಂದು ಬರೆಯುವಷ್ಟು ಬೆಳೆದಿದ್ದೀಯ. ಸಂತೋಷ.

ಸರ್ಕಾರಿ ತೋಟದಲ್ಲಿ ಮೂವತ್ತೊಂದು ವರ್ಷ ತಂಡದ ಮುಖ್ಯಸ್ಥೆಯಾಗಿದ್ದವಳು ನಾನು. ತೋಟ ಹಂಚಿಹೋದ ಮೇಲೆ ಈ ಊರಿನ ಒಂದೊಂದು ನಾಶಪಾತಿ ಮರಕ್ಕೂ ಎಲ್ಲಿ ಕತ್ತರಿ ಇಡಬೇಕೆಂದು ತೋರಿಸಿಕೊಟ್ಟವಳೂ ನಾನೇ. ನೀನು ಈ ಮನೆಗೆ ಬಂದಾಗ ನಿನಗೆ ನಾಶಪಾತಿಯ ಮೊಗ್ಗಿಗೂ ಸೇಬಿನ ಮೊಗ್ಗಿಗೂ ವ್ಯತ್ಯಾಸ ಗೊತ್ತಿರಲಿಲ್ಲ. ಎಣ್ಣೆಯಲ್ಲಿ ಬೋರ್ಸೋಕ್ ಬಿಟ್ಟು ಪುಸ್ತಕ ಹಿಡಿದು ಕೂತರೆ ಹಿಟ್ಟಿನುಂಡೆ ಇದ್ದಿಲಾಗುವವರೆಗೆ ಏಳುತ್ತಿರಲಿಲ್ಲ. ಅಂಚೆಯಲ್ಲಿ ಓದಿದ ಓದು ಈಗ ನನಗೇ ಪಾಠವಾಗಿ ವಾಪಸ್ ಬಂದಿದೆ.

ಕತ್ತರಿಗೆ ಸ್ಪಿರಿಟ್ ಕುಡಿಸಬೇಕಂತೆ! ಊರಿನ ಗಂಡಸರಿಗೆ ಓದಿ ಹೇಳಿದೆ. “ಕತ್ತರಿ ಕುಡಿದು ಮಿಕ್ಕಿದ್ದು ನಮ್ಗೆ ಕೊಡ್ತಾರಂತಾ ಕೇಳು, ಎಜೆ” ಎಂದರು. ಇಷ್ಟು ವಯಸ್ಸಾದರೂ ನಾನು ಅವರಿಗೆ ಅಕ್ಕನೇ. ನೀನು ಮಾತ್ರ ನನ್ನನ್ನು ‘ಮಾನ್ಯ’ ಮಾಡಿದ್ದೀಯ.

ಪಟ್ಟಿ ಕೇಳಿದ್ದೀಯ. ಬರೆದುಕೋ. ಅಲ್ಮಾಲೂ-ಬೆಲ್‌ಗೆ ಹೊರಗಿನಿಂದ ಒಂದು ಕಡ್ಡಿಯೂ ಬಂದಿಲ್ಲ.

ಕಲಿಪಾ


ಏಪ್ರಿಲ್ ೨೦
ಜಿಲ್ಲಾ ಪಟ್ಟಣ

ಮಾನ್ಯ ಕಲಿಪಾ ಅವರೇ,

ಕತ್ತರಿ ಎಲ್ಲಿಡಬೇಕೆಂದು ನಿಮಗೆ ಗೊತ್ತು. ಯಾರೂ ಇಲ್ಲವೆಂದಿಲ್ಲ. ಆದರೆ ಈ ರೋಗ ನಿಮ್ಮ ಮೂವತ್ತೊಂದು ವರ್ಷವನ್ನು ನೋಡಿಲ್ಲ, ನಿಮ್ಮ ಮೂವತ್ತೊಂದು ವರ್ಷವೂ ಈ ರೋಗವನ್ನು ನೋಡಿಲ್ಲ. ಗೊತ್ತಿಲ್ಲ ಎನ್ನುವ ಪದವನ್ನು ನಿಮ್ಮ ಬಾಯಲ್ಲಿ ಏಳು ವರ್ಷದಲ್ಲಿ ಒಮ್ಮೆಯೂ ಕೇಳದ ನನಗೆ ಅದನ್ನು ಈಗ ನಿರೀಕ್ಷಿಸುವ ಮೂರ್ಖತನ ಇಲ್ಲ. ನಿಮ್ಮಿಂದ ನನಗೆ ಬೇಕಿರುವುದು ಪಟ್ಟಿ ಮಾತ್ರ.

ಕಳೆದ ವರ್ಷ ಪಕ್ಕದ ಕಣಿವೆಯಲ್ಲಿ ಒಬ್ಬ ಮುದುಕ ನನ್ನನ್ನು ತೋಟಕ್ಕೆ ಕರೆದೊಯ್ದ. ಹೂಬಿಟ್ಟಾಗ ಸಣ್ಣ ಬೆಚ್ಚನೆಯ ಮಳೆ ಬಂದಿತ್ತಂತೆ. ಜೇನುಹುಳುಗಳು ಹೂವಿಂದ ಹೂವಿಗೆ ಹೋಗಿ ಬಂದವು. ಇಪ್ಪತ್ತು ದಿನದಲ್ಲಿ ತೋಟಕ್ಕೆ ಯಾರೋ ಸೀಮೆಎಣ್ಣೆ ಸುರಿದು ಬೆಂಕಿ ಇಟ್ಟ ಹಾಗಿತ್ತು. ಸುಟ್ಟ ಎಲೆ ಕೊಂಬೆ ಬಿಟ್ಟಿರಲಿಲ್ಲ. ಆತ ಅಳಲಿಲ್ಲ. “ನೀನ್ ಹೋದ್ ವರ್ಷ ಯಾಕ್ ಬರ್ಲಿಲ್ಲ?” ಎಂದು ಕೇಳಿದ, ಅಷ್ಟೇ.

ನಿಮ್ಮ ಊರಿನ ಮೇಲಿನ ಕಾಡಿನಲ್ಲಿರುವುದು ಯಾರೂ ನೆಡದ ಸೇಬು. ಲೋಕದ ಸೇಬುಗಳೆಲ್ಲ ಅಂಥ ಮರಗಳಿಂದ ಇಳಿದು ಬಂದವು. ಅದಕ್ಕೆ ತಗುಲಿದರೆ ಮತ್ತೆ ನೆಡಲು ನನ್ನ ಹತ್ತಿರವೂ ನಿಮ್ಮ ಹತ್ತಿರವೂ ಬೀಜವಿಲ್ಲ.

ಚಳಿಗಾಲದ ಕೊನೆಯಲ್ಲಿ ನಿಮ್ಮ ಊರಿನ ಲಾರಿಗಳು ಗಡಿಯಾಚೆ ಹೋಗಿ ಬಂದಿವೆಯೆಂದು ಕೇಳಿದ್ದೇನೆ. ಇನ್ನೊಮ್ಮೆ ವಿಚಾರಿಸಿ ನೋಡಿ.

ಅನಾರ್‌ಕುಲ್


ಅಲ್ಮಾಲೂ-ಬೆಲ್
ಮೇ ೨

ಅನಾರ್‌ಕುಲ್,

‘ನಿಮ್ಮ ಊರಿನ ಲಾರಿಗಳು’ ಎಂದು ಯಾಕೆ ಸುತ್ತಿ ಬಳಸಿ ಬರೆಯುತ್ತೀ? ಈ ಊರಿನಲ್ಲಿ ಗಡಿಯಾಚೆ ಹೋಗುವ ಲಾರಿ ಒಂದೇ, ನನ್ನ ಮಗ ಕುಬಾತ್‌ನದು. ನೇರವಾಗಿ ಬರೆಯುವ ಧೈರ್ಯವೂ ನಿನಗಿಲ್ಲ. ಆರು ವರ್ಷದ ಹಿಂದೆ ಒಂದು ಬೆಳಗ್ಗೆ ಸೂಟ್‌ಕೇಸ್ ಹಿಡಿದು ಯಾರಿಗೂ ಹೇಳದೆ ಮಿನಿಬಸ್ ಹತ್ತಿದವಳು. ಮಾತು ನುಂಗಿ ಮೊಹರು ಒತ್ತುವುದೇ ನಿನ್ನ ಜಾಯಮಾನ.

ಆದರೂ ಸಂಘದ ಅಧ್ಯಕ್ಷೆಯ ಕೆಲಸವೆಂದು ಶಾಲೆಯಲ್ಲಿ ಸಭೆ ಕರೆದೆ. ಎಲ್ಲರೂ ಬಂದಿದ್ದರು, ಬೇರೆ ಮನರಂಜನೆ ಇರಲಿಲ್ಲವಲ್ಲ. ಜೇನುಪೆಟ್ಟಿಗೆ ಕಾಡಿಗೆ ಒಯ್ಯಬಾರದೆಂದು ಓದಿದಾಗ ತೋಕ್ತೋಸುನ್ ಎದ್ದು ನಿಂತ. ತೊಂಬತ್ತು ಪೆಟ್ಟಿಗೆ ಇಟ್ಟಿರುವ ಮನುಷ್ಯ.

“ಹುಳಕ್ಕೂ ಪಾಸ್‌ಪೋರ್ಟ್ ಮಾಡಿಸ್ಬೇಕೇನ್ರೀ? ಫೋಟೋ ಯಾರ್ ತೆಗೀತಾರೆ?”

“ರಾಣಿಹುಳಕ್ಕೆ ಮಾತ್ರ ಸಾಕಂತೆ, ಮಿಕ್ಕಿದ್ದೆಲ್ಲ ಅವಳ ಹೆಸರಲ್ಲೇ ಹೋಗ್ತವೆ” ಎಂದಿತು ಹಿಂದಿನಿಂದ ಒಂದು ದನಿ.

“ಕಲಿಪಾ ಎಜೆ, ಇದು ರೋಗ ಅಲ್ಲ, ನಿಮ್ ಹಳೇ ಸೊಸೆ ಕೋಪ” ಎಂದಳು ಪಕ್ಕದ ಕೇರಿಯ ಬುರುಲ್. ಎಲ್ಲರೂ ನಕ್ಕರು. ನಾನೂ ನಕ್ಕೆ.

ಈಗ ತೋಟ ಪೂರ್ತಿ ಬಿಳಿ. ಮೊನ್ನೆ ಎರಡು ದಿನ ಸಣ್ಣ ಮಳೆ ಬಂತು, ಹವೆ ಬೆಚ್ಚಗಿದೆ. ಇಂಥ ಹೂವನ್ನು ಹತ್ತು ವರ್ಷದಲ್ಲಿ ಕಂಡಿರಲಿಲ್ಲ. ನಿನ್ನ ಸೀಮೆಎಣ್ಣೆಯ ಕಥೆಯನ್ನು ನಿನ್ನ ಕಚೇರಿಯ ಹುಡುಗಿಯರಿಗೆ ಹೇಳು.

ನನ್ನ ಮಗನ ಹೆಸರು ನಿನ್ನ ಲೇಖನಿಗೆ ತಗಲಬಾರದು.

ಕಲಿಪಾ


ಮೇ ೧೯
ಜಿಲ್ಲಾ ಪಟ್ಟಣ

ಮಾನ್ಯ ಕಲಿಪಾ ಅವರೇ,

ಮೇ ಹದಿನಾಲ್ಕರಂದು ನಾನು ಸಹಾಯಕನೊಬ್ಬನ ಜೊತೆ ಅಲ್ಮಾಲೂ-ಬೆಲ್‌ಗೆ ಬಂದಿದ್ದೆ. ನಿಮ್ಮ ಗೇಟಿನ ಮುಂದೆ ನಲವತ್ತು ನಿಮಿಷ ನಿಂತೆವು. ಒಳಗೆ ನಿಮ್ಮ ಕೆಮ್ಮು ಕೇಳಿಸುತ್ತಿತ್ತು. ನೀವು ನಾಯಿಯನ್ನು ಬಿಟ್ಟಿರಿ, ಬಾಗಿಲು ತೆರೆಯಲಿಲ್ಲ. ನನ್ನ ಸಹಾಯಕ ಹೊಸಬ. “ಇವರು ನಿಮ್ಮ ಬಳಗಾನಾ ಮೇಡಂ?” ಎಂದ. ಅಲ್ಲ ಎಂದೆ.

ಬುರುಲ್ ಅವರ ಗೋಡೆಯಾಚೆಯಿಂದ ರಸ್ತೆಗೆ ಚಾಚಿದ ನಾಶಪಾತಿ ಕೊಂಬೆಯಲ್ಲಿ ನಾಲ್ಕು ಕೊಕ್ಕೆಗಳಿದ್ದವು. ಮಾದರಿ ತೆಗೆದುಕೊಂಡು ಬಂದೆ. ಪ್ರಯೋಗಾಲಯದ ಉತ್ತರ ನಿನ್ನೆ ಬಂತು. ಬೆಂಕಿರೋಗವೇ.

ಇದರೊಂದಿಗೆ ಆದೇಶ ಲಗತ್ತಿಸಿದ್ದೇನೆ. ಬುರುಲ್ ಅವರ ತೋಟದ ಸುತ್ತ ಐನೂರು ಮೀಟರಿನೊಳಗಿನ ಎಲ್ಲ ನಾಶಪಾತಿ ಮರಗಳನ್ನೂ, ರೋಗ ಕಾಣಿಸಲಿ ಬಿಡಲಿ, ಕಡಿದು ಅಲ್ಲೇ ಸುಡಬೇಕು. ನಿಮ್ಮ ತೋಟ ಆ ಅಳತೆಯ ಒಳಗೇ ಬರುತ್ತದೆ. ಹದಿನೈದು ದಿನ ಕಾಲಾವಕಾಶ. ಬೆಂಕಿಗೂ ಕಾಡಿಗೂ ನಡುವೆ ಬಯಲು ಮಾಡುವುದು ಹೇಗೋ ಇದೂ ಹಾಗೆಯೇ. ಇದು ನಿಮಗೆ ಅರ್ಥವಾಗುತ್ತದೆ, ಆದರೆ ಒಪ್ಪಿಕೊಳ್ಳುವುದಿಲ್ಲ ಎಂದೂ ಗೊತ್ತು.

ಅನಾರ್‌ಕುಲ್ ತೋರೋಯೇವಾ


ಅಲ್ಮಾಲೂ-ಬೆಲ್
ಮೇ ೨೪

ಹಾಗಾದರೆ ಇದಕ್ಕೇ ಕಾಯುತ್ತಿದ್ದೆ. ಅಳತೆಯ ದಾರ ಹಿಡಿದು, ನನ್ನ ತೋಟ ಒಳಗೆ ಬರುವ ತನಕ ಎಳೆದೆಯಲ್ಲವೇ? ಮುನ್ನೂರು ಮೀಟರು ಎಂದಿದ್ದರೆ ನಾನು ಹೊರಗುಳಿಯುತ್ತಿದ್ದೆ, ಅದಕ್ಕೇ ಐನೂರು.

ಮಕ್ಕಳನ್ನು ಹೆರದವಳಿಗೆ ಮರ ಬೆಳೆಸಿದವರ ಸಂಕಟ ಹೇಗೆ ತಿಳಿಯಬೇಕು? ಗಂಡನ ನಂಟು ಕಡಿದವಳು ಈಗ ಮರ ಕಡಿಯಲು ಹೊರಟಿದ್ದೀ.

ನಿನ್ನ ಆದೇಶದಿಂದ ಒಲೆ ಹೊತ್ತಿಸಿ ಚಹಾಕ್ಕೆ ನೀರಿಟ್ಟೆ. ಕಾಗದ ತೆಳುವಾಗಿತ್ತು, ನೀರು ಕುದಿಯಲಿಲ್ಲ.


ಜೂನ್ ೧೬
ಜಿಲ್ಲಾ ಪಟ್ಟಣ

ಕಲಿಪಾ ಅವರೇ,

ಮೂರು ವಾರ ಕಳೆಯಿತು. ಈ ನಡುವೆ ಎರಡು ಸಲ ಬರೆದೆ, ಉತ್ತರವಿಲ್ಲ. ಮುಕ್ತಾರ್‌ನನ್ನು ಕೇಳಿದರೆ “ಎಜೆ ಚೆನ್ನಾಗವ್ರೆ, ಮಾತಾಡ್ತಿಲ್ಲ ಅಷ್ಟೇ” ಎನ್ನುತ್ತಾನೆ. ನನ್ನ ಜೊತೆ ಮಾತು ಬಿಟ್ಟರೆ ಲೋಕವೇ ನಿಲ್ಲುತ್ತದೆಂದು ನೀವು ಮೊದಲಿನಿಂದಲೂ ನಂಬಿದ್ದೀರಿ. ನಾನು ಓದಲು ಕೂತ ಆ ಚಳಿಗಾಲದಲ್ಲಿ ಎಂಬತ್ತು ದಿನ ಮಾತು ಬಿಟ್ಟಿದ್ದಿರಿ. ಎಣಿಸಿದ್ದೇನೆ. ಆಗಲೂ ಲೋಕ ನಿಲ್ಲಲಿಲ್ಲ, ನಾನು ಪರೀಕ್ಷೆ ಪಾಸಾದೆ.

ಹೆರದವಳೆಂದು ಬರೆದಿರಿ. ಅದಕ್ಕೆ ಉತ್ತರ ಬರೆಯುವುದಿಲ್ಲ. ಆ ಮಾತು ನಿಮ್ಮ ಬಳಿಯೇ ಇರಲಿ.

ನೀವೊಬ್ಬರು ಹಟ ಹಿಡಿದಿದ್ದಕ್ಕೆ ಊರಿನಲ್ಲಿ ಯಾರೂ ಕೊಡಲಿ ಎತ್ತಿಲ್ಲ. ಎಲ್ಲರೂ ನಿಮ್ಮ ಗೇಟನ್ನೇ ನೋಡುತ್ತಿದ್ದಾರೆ. ಜುಲೈ ಒಂದಕ್ಕೆ ಟ್ರ್ಯಾಕ್ಟರು, ಪೊಲೀಸರು ಬರುತ್ತಾರೆ. ಕಾಡಿಗೆ ತಗುಲಿದರೆ ಜನ ನಿಮ್ಮ ಹೆಸರು ಹೇಳುತ್ತಾರೆ. ಮೂವತ್ತೊಂದು ವರ್ಷದ ಮುಖ್ಯಸ್ಥೆ ಎಂದಲ್ಲ, ಕಾಡು ಕೊಂದವಳೆಂದು.

ಅನಾರ್‌ಕುಲ್


ಅಲ್ಮಾಲೂ-ಬೆಲ್
ಜೂನ್ ೨೭

ಅನಾರ್‌ಕುಲ್,

ಟ್ರ್ಯಾಕ್ಟರು ಕಳಿಸಬೇಡ. ಕಡಿಯಲು ಇಲ್ಲಿ ನಾಶಪಾತಿ ಉಳಿದಿಲ್ಲ.

ನಡೆದದ್ದನ್ನು ಬರೆಯುತ್ತೇನೆ. ಮಧ್ಯೆ ನಿಲ್ಲಿಸಿದರೆ ಮತ್ತೆ ಬರೆಯಲಾರೆ, ಅದಕ್ಕೇ ಒಂದೇ ಉಸಿರಿಗೆ ಬರೆಯುತ್ತಿದ್ದೇನೆ.

ಒಂದು ಕಡ್ಡಿಯೂ ಬಂದಿಲ್ಲವೆಂದು ನಿನಗೆ ಬರೆದಾಗ ನನ್ನ ತೋಟದ ಕೆಳಗಿನ ಸಾಲಿನಲ್ಲಿ ನಲವತ್ತು ಹೊಸ ನಾಶಪಾತಿ ಸಸಿಗಳಿದ್ದವು. ಮಾರ್ಚಿನಲ್ಲಿ ಕುಬಾತ್ ಗಡಿಯಾಚೆಯಿಂದ ಆರುನೂರು ತಂದಿದ್ದ. ಬೇಗ ಫಲ ಕೊಡುವ ಜಾತಿ ಎಂದ. ಕಾಗದಪತ್ರ ಎಲ್ಲಿ ಎಂದು ನಾನು ಕೇಳಲಿಲ್ಲ. ನೋಡಿದ ಕೂಡಲೇ ಬೇರು ಚೆನ್ನಾಗಿದೆ ಎಂದೆ. ನಾನು ಹಾಗೆಂದದ್ದಕ್ಕೇ ಊರವರು ಕೊಂಡರು. ಅವನ ಮಾತಿಗೆ ಯಾರೂ ಕೊಳ್ಳುತ್ತಿರಲಿಲ್ಲ.

ಮೇ ಏಳರಂದು ಆ ಸಾಲಿನಲ್ಲಿ ಹೂ ಕಪ್ಪಾಗಿತ್ತು. ಚಳಿಗೆ ಎಂದುಕೊಂಡೆ. ಆ ವಾರ ಚಳಿ ಬಿದ್ದಿರಲಿಲ್ಲ ಎಂಬುದು ಗೊತ್ತಿದ್ದೂ ಎಂದುಕೊಂಡೆ. ಮೂರು ದಿನಕ್ಕೆ ತುದಿಗಳು ಬಾಗಿದವು. ನಿನ್ನ ಮೊದಲ ಕಾಗದದಲ್ಲಿ ಬರೆದಿದ್ದೆಯಲ್ಲ, ಕುರುಬನ ಕೋಲೆಂದು, ಹಾಗೇ. ನನಗೆ ಬಂದ ಸಿಟ್ಟು ರೋಗದ ಮೇಲಲ್ಲ. ನೀನು ಬರೆದಂತೆಯೇ ಆಯಿತಲ್ಲ ಎಂದು.

ಯಾರಿಗೂ ಹೇಳದೆ ಕತ್ತರಿಸಿದೆ. ಹನ್ನೊಂದು ಸಸಿಗಳನ್ನು ಬುಡಕ್ಕೇ ಕಡಿದು ಕೊಟ್ಟಿಗೆಯ ಹಿಂದೆ ಹಾಕಿದ್ದೆ. ನೀನು ಗೇಟಿನ ಮುಂದೆ ನಿಂತ ದಿನ ಅವು ಅಲ್ಲೇ ಬಿದ್ದಿದ್ದವು. ಅದಕ್ಕೇ ನಾಯಿ ಬಿಟ್ಟದ್ದು. ನೀನು ಅದನ್ನು ಸೊಕ್ಕು ಎಂದುಕೊಂಡೆ. ಸೊಕ್ಕು ಹೌದು, ಅದರ ಕೆಳಗೆ ಹೆದರಿಕೆಯೂ ಇತ್ತು. ಅದು ನಿನಗೆ ಕಾಣಲಿಲ್ಲ.

ಆ ಕತ್ತರಿಯನ್ನೇ ಒರೆಸಿ, ಅದೇ ಸಂಜೆ ಮೇಲಿನ ಹಳೆಯ ಮರಗಳ ಒಣಕಡ್ಡಿ ತೆಗೆದೆ. ಸ್ಪಿರಿಟಿನಲ್ಲಿ ಅದ್ದಲಿಲ್ಲ. ಅದ್ದಿದರೆ ನಿನ್ನ ಮಾತು ಕೇಳಿದಂತಾಗುತ್ತಿತ್ತು. ಮೇ ಇಪ್ಪತ್ತೈದಕ್ಕೆ, ನಿನಗೆ ಆ ಹೊಲಸು ಕಾಗದ ಬರೆದ ಮರುದಿನ, ನಾನು ಕೈಯಿಟ್ಟ ಮರಗಳಲ್ಲೆಲ್ಲ ಕತ್ತರಿಯ ಬಾಯಿ ಬಿದ್ದ ಜಾಗದಿಂದಲೇ ಹನಿ ಒಸರುತ್ತಿತ್ತು. ಒಂದೊಂದು ಗಾಯವೂ ನೆನಪಿತ್ತು. ಜೇನು ಹರಡಲಿಲ್ಲ, ಗಾಳಿ ಹರಡಲಿಲ್ಲ. ಊರಿಗೆಲ್ಲ ಕತ್ತರಿ ಹಿಡಿಯುವುದನ್ನು ಕಲಿಸಿದ ಕೈಯೇ ಹರಡಿತು.

ಮೂರು ವಾರ ಮನೆಯಿಂದ ಹೊರಬರಲಿಲ್ಲ. ನೀನು ಬರೆದ ಎರಡು ಕಾಗದಗಳನ್ನೂ ಒಡೆಯಲಿಲ್ಲ.

ಆಮೇಲೆ ಕುಬಾತ್‌ನನ್ನು ಕರೆದೆ. “ಎಲ್ಲೆಲ್ಲಿ ಮಾರ್ದೆ, ಹೇಳು” ಎಂದೆ.

“ಅಮ್ಮಾ, ಬಿಡಮ್ಮ. ಯಾರಿಗ್ ಗೊತ್ತಾಗತ್ತೆ? ಅವಳೇನೋ ಸೇಡಿಗೆ ಕುಣೀತಾಳೆ.”

“ಅವಳ ವಿಷ್ಯ ಬೇಡ. ಎಲ್ಲೆಲ್ಲಿ?”

“ಹೇಳಿದ್ರೆ ನನ್ನ ಲೈಸೆನ್ಸ್ ಹೋಗತ್ತೆ. ಈಗಿನ ಹೆಂಡ್ತಿಗೆ, ಮಕ್ಕಳಿಬ್ರಿಗೆ ಏನ್ ತಿನ್ನಿಸ್ಲಿ?”

“ನಂಗೆ ಗೊತ್ತಿಲ್ಲ. ಹೇಳು.”

ಹೇಳಲಿಲ್ಲ. ಆಗ ನಾನೇ ಶಾಲೆಗೆ ಹೋಗಿ ಗಂಟೆ ಬಾರಿಸಿದೆ. ಜನ ಸೇರಿದರು, ನಗಲು ಸಿದ್ಧವಾಗಿಯೇ ಬಂದಿದ್ದರು. ಕೊಕ್ಕೆಯಾದ ಕೊಂಬೆಯೊಂದನ್ನು ಚೀಲದಲ್ಲಿ ಕಟ್ಟಿ ಒಯ್ದಿದ್ದೆ, ಎತ್ತಿ ತೋರಿಸಿದೆ. “ಇದು ನನ್ ಮರ. ರೋಗ ತಂದವ್ನು ನನ್ ಮಗ. ಚೆನ್ನಾಗಿದೆ ಅಂದವ್ಳು ನಾನು. ಹರಡಿದ್ದೂ ನನ್ ಕತ್ತರಿ. ನಾಳೆ ನನ್ ತೋಟ ಕಡೀತೀನಿ. ಬರೋರು ಬನ್ನಿ” ಎಂದೆ.

ಬುರುಲ್ ಎದ್ದಳು. ಅವಳ ಗಂಡ ಸತ್ತ ವರ್ಷ ನೆಟ್ಟ ತೋಟ ಅವಳದು. ಹತ್ತಿರ ಬಂದು ನನ್ನ ಕಾಲ ಬಳಿ ಉಗಿದಳು. ಆಮೇಲೆ “ಗರಗಸ ಎಷ್ಟಿದಾವೆ ನಿಮ್ಮನೇಲಿ?” ಎಂದು ಕೇಳಿದಳು.

ನನ್ನದು, ಬುರುಲ್‌ದು, ಸುತ್ತಿನವರದು ಸೇರಿ ಇನ್ನೂರ ಹನ್ನೆರಡು ಮರ, ಊರಿನ ಹೊಸ ಸಸಿಗಳೆಲ್ಲ ಬೇರೆ; ಕಡಿದು ಅಲ್ಲೇ ಸುಟ್ಟೆವು. ಐದು ದಿನ ಹಿಡಿಯಿತು. ಎರಡನೆಯ ದಿನ ಕುಬಾತ್ ಬಂದು ಯಂತ್ರದ ಗರಗಸ ಎತ್ತಿಕೊಂಡ. ಯಾರೂ ಅವನಿಗೆ ಚಹಾ ಕೊಡಲಿಲ್ಲ, ನಾನೂ ಕೊಡಲಿಲ್ಲ. ಮೂರನೆಯ ದಿನ ಮಧ್ಯಾಹ್ನ ನನ್ನ ಪಕ್ಕ ಕೂತು ಆರುನೂರು ಸಸಿಗಳೂ ಎಲ್ಲೆಲ್ಲಿ ಹೋದವೆಂದು ಹೇಳಿದ. ಮುನ್ನೂರ ಎಂಬತ್ತು ನಮ್ಮ ಊರಿಗೆ. ಮಿಕ್ಕವು ಕೆಳಗಿನ ಎರಡು ಹಳ್ಳಿಗಳಿಗೆ. ಮನೆ ಮನೆಯ ಹೆಸರು, ಎಷ್ಟನೆಯ ಸಾಲು ಎಂಬುದೆಲ್ಲ ಇದರ ಜೊತೆಗಿನ ಹಾಳೆಯಲ್ಲಿದೆ. ಇವತ್ತೇ ಆ ಹಳ್ಳಿಗಳಿಗೆ ಜನ ಕಳಿಸು. ಅವನ ಹೆಸರನ್ನು ಮೊದಲು ನಾನೇ ಬರೆದಿದ್ದೇನೆ. ನೋಡು, ನನ್ನ ಕೈಯಕ್ಷರ.

ಹೆರದವಳೆಂದು ಬರೆದ ಮಾತನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಮಿಕ್ಕ ಯಾವ ಮಾತನ್ನೂ ಇಲ್ಲ. ಕೆಟ್ಟ ಸೊಸೆಯೇ ನೀನು.

ಕಲಿಪಾ


ಜುಲೈ ೬
ಜಿಲ್ಲಾ ಪಟ್ಟಣ

ಅಪಾ,

ನಿಮ್ಮ ಹಾಳೆ ತಲುಪಿದ ದಿನವೇ ಎರಡು ಹಳ್ಳಿಗಳಿಗೂ ಹೋದೆವು. ಇನ್ನೂರ ಇಪ್ಪತ್ತು ಸಸಿಗಳಲ್ಲಿ ಇನ್ನೂರ ಹದಿನೇಳು ಸಿಕ್ಕವು. ಮೂರನ್ನು ಆಡುಗಳು ತಿಂದಿದ್ದವು. ಎಲ್ಲವನ್ನೂ ಸುಟ್ಟೆವು. ಪಟ್ಟಿ ಇಲ್ಲದಿದ್ದರೆ ಮುಂದಿನ ವಸಂತದವರೆಗೆ ನಮಗೆ ಗೊತ್ತೇ ಆಗುತ್ತಿರಲಿಲ್ಲ.

ಕಚೇರಿಯಲ್ಲಿ ಎಲ್ಲರೂ ನನ್ನನ್ನು ಹೊಗಳಿದರು. ಅತ್ತೆಯ ತೋಟವನ್ನೂ ಬಿಡಲಿಲ್ಲ, ನಿಷ್ಠೆ ಎಂದರೆ ಇದು ಎಂದರು. ಆ ಚಪ್ಪಾಳೆಯ ನಡುವೆ ಎದ್ದು ಹೊರಗೆ ಬಂದೆ, ಅದು ನನಗೆ ಸಲ್ಲದು. ಅದಕ್ಕೇ ಬರೆಯುತ್ತಿದ್ದೇನೆ.

ಮಾರ್ಚ್ ಎರಡರಂದು ಗಡಿಯ ತಪಾಸಣೆ ಕಟ್ಟೆಯಲ್ಲಿ ಇದ್ದವಳು ನಾನು. ಸಹೋದ್ಯೋಗಿಗೆ ಜ್ವರವಿತ್ತು, ಅವರ ಬದಲಿಗೆ ಹೋಗಿದ್ದೆ. ಕುಬಾತ್‌ನ ಲಾರಿ ಬಂತು. ಮೇಲೆ ಟಾರ್ಪಾಲು ಬಿಗಿದಿತ್ತು, ಅಂಚಿನಲ್ಲಿ ಒದ್ದೆ ಗೋಣಿ ಕಾಣುತ್ತಿತ್ತು. ಒದ್ದೆ ಗೋಣಿಯಲ್ಲಿ ಏನು ಸುತ್ತುತ್ತಾರೆಂದು ನನಗೆ ಗೊತ್ತಿಲ್ಲವೇ? ಬಿಚ್ಚಿ ಎಂದೆ. ಅವರು ಕೆಳಗಿಳಿಯಲೂ ಇಲ್ಲ.

“ಬಿಚ್ಚು, ನೀನೇ ಬಿಚ್ಚು. ಬಿಟ್ಟ ಗಂಡನ ಗಾಡಿ ಹುಡುಕಿ ಹಿಡ್ಕೊಂಡ್ಲು ಅಂತ ನಾಳೆ ಕಣಿವೆಯೆಲ್ಲ ಹೇಳ್ಲಿ” ಎಂದರು. ಪಕ್ಕದಲ್ಲಿ ನಾಲ್ವರು ಸೈನಿಕರಿದ್ದರು, ನಕ್ಕರು.

ನಾನು ಬಿಚ್ಚಲಿಲ್ಲ. ಮೊಹರು ಒತ್ತಿದೆ. ಸೇಡಿನವಳು ಎನಿಸಿಕೊಳ್ಳಬಾರದೆಂಬ ಚಪಲಕ್ಕೆ ಆರುನೂರು ಸಸಿಗಳನ್ನು ಒಳಗೆ ಬಿಟ್ಟೆ. ಒಂದು ತಿಂಗಳ ನಂತರ ನಿಮಗೆ ಬರೆದ ಮೊದಲ ಕಾಗದ ಎಚ್ಚರಿಕೆಯ ಕಾಗದವಲ್ಲ ಅಪಾ. ನಾನು ಮಾಡಿದ್ದನ್ನು ನೀವೇ ಹುಡುಕಿ ಸರಿಪಡಿಸಲಿ, ನನ್ನ ಹೆಸರು ಬರದಿರಲಿ ಎಂದು ಬರೆದದ್ದು. ನೀವು ಸುಳ್ಳು ಹೇಳುತ್ತಿದ್ದೀರೆಂದು ಪ್ರತಿ ಸಾಲಿನಲ್ಲೂ ಗೊತ್ತಿತ್ತು. ನಿಮ್ಮನ್ನು ಹೀಗಳೆಯುತ್ತ ಹೋದಷ್ಟೂ ನನ್ನದು ನನಗೆ ಸಣ್ಣದಾಗಿ ಕಾಣುತ್ತಿತ್ತು.

ಐನೂರು ಮೀಟರು ಮಾತ್ರ ನಾನು ಎಳೆದದ್ದಲ್ಲ. ಅದು ನಿಯಮ.

ಅನಾರ್‌ಕುಲ್


ಅಲ್ಮಾಲೂ-ಬೆಲ್
ಜುಲೈ ೧೩

ಅನಾರ್‌ಕುಲ್,

ಗೊತ್ತಿತ್ತು. ಗರಗಸ ಹಿಡಿದ ಮೂರನೆಯ ದಿನವೇ ಕುಬಾತ್ ಹೇಳಿದ್ದ. “ಗಡೀಲಿ ಅವಳೇ ಇದ್ಲು, ಅವಳ್ನೂ ಸೇರ್ಸು ನಿನ್ ಪಟ್ಟಿಗೆ” ಎಂದ. ಸೇರಿಸಲಿಲ್ಲ. ನನ್ನ ಪಾಲಿನದನ್ನು ನಾನು ಹೇಳಿದ್ದೇನೆ, ನಿನ್ನದನ್ನು ನೀನೇ ಹೇಳುತ್ತೀಯೋ ಇಲ್ಲವೋ ನೋಡೋಣವೆಂದು ಕೂತಿದ್ದೆ. ಹೇಳುವುದಿಲ್ಲ ಎಂದೇ ನನ್ನ ಲೆಕ್ಕವಾಗಿತ್ತು.

ನಾಲ್ವರು ಸೈನಿಕರು ನಕ್ಕರೆಂದು ಟಾರ್ಪಾಲು ಬಿಚ್ಚದವಳು ನನಗೆ ಧೈರ್ಯದ ಪಾಠ ಹೇಳುತ್ತಿದ್ದಳು. ಥೂ. ಈ ಮನೆಯಲ್ಲಿ ಏಳು ವರ್ಷ ಇದ್ದು ನನ್ನಿಂದ ಕಲಿತದ್ದು ಇದೊಂದೇ ಎಂದು ಕಾಣುತ್ತದೆ, ಜನ ಏನನ್ನುತ್ತಾರೋ ಎಂದು ಸಾಯುವುದು.

ನನಗೆ ಬರೆದು ಏನು ಪ್ರಯೋಜನ? ನಾನು ನಿನ್ನ ಮೇಲಧಿಕಾರಿಯಲ್ಲ. ನಾನು ಹೇಳಿದ್ದು ಶಾಲೆಯಲ್ಲಿ, ಎಲ್ಲರೆದುರು.

ಕಲಿಪಾ


ಅಕ್ಟೋಬರ್ ೩
ಜಿಲ್ಲಾ ಪಟ್ಟಣ

ಅಪಾ,

ಹೇಳಿದೆ. ಬರೆದೂ ಕೊಟ್ಟೆ. ಮೊದಲು ಯಾರೂ ನಂಬಲಿಲ್ಲ. “ಸುಮ್ನಿರ್ಬಾರ್ದಾಗಿತ್ತಾ ಮೇಡಂ?” ಎಂದ ನನ್ನ ಸಹಾಯಕ. ಆಗಸ್ಟ್ ಕೊನೆಗೆ ಕೆಲಸದಿಂದ ತೆಗೆದರು. ಕುಬಾತ್ ಅವರ ಲೈಸೆನ್ಸ್ ಒಂದು ವರ್ಷ ಹೋಯಿತೆಂದು ತಿಳಿಯಿತು. ನಾನೀಗ ಸಂತೆಬೀದಿಯಲ್ಲಿ ತರಕಾರಿ ಬೀಜದ ಅಂಗಡಿಯಲ್ಲಿದ್ದೇನೆ. ಜನ ಮೂಲಂಗಿ ಬೀಜ ಕೇಳುತ್ತಾರೆ, ಪೊಟ್ಟಣ ಕಟ್ಟಿಕೊಡುತ್ತೇನೆ.

ನನ್ನ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲವಂತೆ. ವಸಂತದಲ್ಲಿ ಕಾಡು ಹೂಬಿಡುವಾಗ ಯಾರೂ ಇರುವುದಿಲ್ಲ ಎಂಬುದೊಂದು ನನ್ನನ್ನು ಕೊರೆಯುತ್ತಿದೆ. ಉತ್ತರ ಬೇಕೆಂದು ಬರೆದದ್ದಲ್ಲ.

ಅನಾರ್‌ಕುಲ್


ಅಲ್ಮಾಲೂ-ಬೆಲ್
ಮೇ ೨೦, ೨೦೧೩

ಅನಾರ್‌ಕುಲ್,

ಉತ್ತರ ಬೇಡವೆಂದೆ, ಕೊಡಲಿಲ್ಲ. ಈಗ ಕೆಲಸವಿದೆ, ಬರೆಯುತ್ತಿದ್ದೇನೆ.

ನಿನ್ನ ಸರ್ಕಾರದಿಂದ ಒಬ್ಬ ನರಪಿಳ್ಳೆಯೂ ಬರಲಿಲ್ಲ. ಹಾಗಾಗಿ ನಾವೇ ಹೋದೆವು. ಮೂವತ್ತನಾಲ್ಕು ಹೆಂಗಸರು, ಇಬ್ಬಿಬ್ಬರ ಜೋಡಿ, ಹೂಬಿಟ್ಟ ದಿನದಿಂದ ವಾರಕ್ಕೆ ಎರಡು ಸಲ ಕಾಡುಸೇಬಿನ ಇಳಿಜಾರು ಪೂರ್ತಿ. ಸೊಂಟಕ್ಕೆ ಸ್ಪಿರಿಟ್ ಶೀಶೆ ಕಟ್ಟಿಕೊಂಡಿದ್ದೇವೆ. ನಮ್ಮ ಗಂಡಸರು ಅದನ್ನು ನೋಡಿ ಜೊಲ್ಲು ಸುರಿಸುತ್ತಾರೆ. ತೋಕ್ತೋಸುನ್ ಪೆಟ್ಟಿಗೆಗಳನ್ನು ಕಾಡಿಗೆ ಒಯ್ಯಲಿಲ್ಲ, ಈ ವರ್ಷ ಅವನಿಗೆ ಅರ್ಧ ಜೇನೂ ಸಿಗುವುದಿಲ್ಲ. ದಿನಾ ನನಗೆ ಶಾಪ ಹಾಕುತ್ತಾನೆ, ಆದರೆ ಒಯ್ಯಲಿಲ್ಲ. ಬುರುಲ್ ನನ್ನ ಜೋಡಿ. ಮಾತಾಡುವುದಿಲ್ಲ, ಬೆರಳು ತೋರಿಸುತ್ತಾಳೆ. ಅವಳ ಕಣ್ಣು ನನ್ನ ಕಣ್ಣಿಗಿಂತ ಚೆನ್ನಾಗಿದೆ.

ಕೆಳಗಂಚಿನಲ್ಲಿ ಮೂರು ಮರಗಳಲ್ಲಿ ಕೊಕ್ಕೆ ಸಿಕ್ಕಿತು. ಅವನ್ನೂ, ಸುತ್ತಲಿನ ಹದಿನಾರನ್ನೂ ಕುಬಾತ್ ಕಡಿದ. ಕಾಡುಸೇಬಿಗೆ ಕೊಡಲಿ ಹಾಕಿದ್ದನ್ನು ನನ್ನ ಜೀವಮಾನದಲ್ಲಿ ಕಂಡಿರಲಿಲ್ಲ. ಹತ್ತೊಂಬತ್ತು ದಿನಗಳಿಂದ ಹೊಸದು ಕಂಡಿಲ್ಲ. ಉಳಿಯಿತು ಎಂದು ಹೇಳುವಷ್ಟು ದಡ್ಡಿ ಈಗ ನಾನಲ್ಲ.

ಸಂಘದವರು ಕಾಡಿಗೆ ಒಬ್ಬರು ತಪಾಸಣೆಯವರು ಬೇಕೆಂದು ತೀರ್ಮಾನಿಸಿದರು. ಯಾರು ಎಂಬ ಮಾತು ಬಂದಾಗ ನಿನ್ನ ಹೆಸರು ಹೇಳಿದೆ. “ಗಡೀಲಿ ಕಣ್ಮುಚ್ಚಿದವಳನ್ನಾ?” ಎಂದು ಗಲಾಟೆ ಎದ್ದಿತು. “ಹೂಂ, ಅವಳೇ. ಇನ್ನೊಂದ್ಸಲ ಮುಚ್ಚಲ್ಲ” ಎಂದೆ. ಅದು ಹೊಗಳಿಕೆಯಲ್ಲ, ತಲೆಗೇರಿಸಿಕೊಳ್ಳಬೇಡ.

ಸೊಸೆಯಾಗಿ ಬರಬೇಡ. ಆ ಕೆಲಸ ನಿನಗೆ ಬರಲಿಲ್ಲ, ಅತ್ತೆಯ ಕೆಲಸ ನನಗೂ ಬರಲಿಲ್ಲ. ಬುರುಲ್ ಮನೆಯಲ್ಲಿ ಒಂದು ಕೋಣೆ ಖಾಲಿ ಇದೆ.

ಮೇಲೆ ಝರಿಯ ಪಕ್ಕದಲ್ಲಿ ಒಂದು ಮುದಿ ಸೇಬಿನ ಮರವಿದೆ, ಇಬ್ಬರು ತಬ್ಬಿದರೂ ಕೈ ಸೇರದಷ್ಟು ದಪ್ಪ. ಅದರ ತೊಗಟೆಯಲ್ಲಿ ಅಂಗೈ ಅಗಲದ ಕಲೆ ಬಿದ್ದಿದೆ. ಹನಿ ಇಲ್ಲ, ಚಿಗುರು ನೆಟ್ಟಗಿದೆ. ಮೂರು ಸಲ ಹತ್ತಿ ಹೋಗಿ ನೋಡಿದೆ, ಕುಬಾತ್ ಗರಗಸ ಹಿಡಿದು ಕಾಯುತ್ತಿದ್ದಾನೆ. ಕಡಿಯಬೇಕೋ ಬಿಡಬೇಕೋ ನನಗೆ ಗೊತ್ತಾಗುತ್ತಿಲ್ಲ.

ಮುಕ್ತಾರ್ ಗುರುವಾರ ಬೆಳಗ್ಗೆ ಏಳಕ್ಕೆ ಸಂತೆಬೀದಿಯಿಂದ ಹೊರಡುತ್ತಾನೆ. ಅಲ್ಲಿಯವರೆಗೆ ಗರಗಸ ಮುಟ್ಟಬೇಡವೆಂದು ಹೇಳಿದ್ದೇನೆ.

ಕಲಿಪಾ